ಸಭೆಯ ಮಾತು ದಾಖಲಾಗಲು: ಗಣಕಯಂತ್ರಕ್ಕೆ ಹೊರ ಮೈಕ್ ಜೋಡಿಸುವ ಕ್ರಮ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಎರಡು ಗ್ರಾಮ ಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚಿನ ಅಂತರವಿರತಕ್ಕದ್ದಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಹೊರತಂದ ‘ಸಭಾಸಾರ್’ ತಂತ್ರಾಂಶವು ಇಂತಹ ಸಭೆಯ ಮುದ್ರಿತ ಧ್ವನಿಯಿಂದಲೇ ನಡವಳಿಯ ಕರಡನ್ನು ಸಿದ್ಧಪಡಿಸುತ್ತದೆ. ಮುದ್ರಣದಲ್ಲಿ ಕೇಳಿಸದ ಬೇಡಿಕೆ ಕರಡಿನಲ್ಲಿಯೂ ಇರುವುದಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ಮೆಲುದನಿಯಲ್ಲಿ ನೀರಿನ ತೊಂದರೆ ಹೇಳಿಕೊಂಡ ಮಹಿಳೆಯ ಮಾತೇ ಮೊದಲು ಕಳೆದುಹೋಗುತ್ತದೆ. ಮನೆಯ ಗಣಕಯಂತ್ರದಿಂದ ವಿಡಿಯೋ ಸಭೆಗೆ ಸೇರುವ ದೊಡ್ಡಬಳ್ಳಾಪುರ ಅಥವಾ ನೆಲಮಂಗಲದ ಸದಸ್ಯರ ಮಾತಿಗೂ ಇದೇ ಗತಿ. ಇಂತಹ ಸಂದರ್ಭಗಳಲ್ಲಿ ಮೈಕ್ ಕೆಟ್ಟಿದೆಯೆಂದು ತೀರ್ಮಾನಿಸುವುದು ರೂಢಿ. ಅನೇಕ ವೇಳೆ ಕೆಟ್ಟಿರುವುದು ಮೈಕ್ ಅಲ್ಲ, ಜೋಡಣೆ.

ಮೇಜಿನ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ಒಳಮೈಕ್ ಇರುವುದಿಲ್ಲ. ಹಿಂಬದಿಯ ಗುಲಾಬಿ ಬಣ್ಣದ ರಂಧ್ರ ಮೈಕ್‌ಗೆ, ಹಸಿರು ಬಣ್ಣದ್ದು ಸ್ಪೀಕರ್‌ಗೆ ಮೀಸಲು. ಮೊಬೈಲ್ ಇಯರ್‌ಫೋನ್‌ನ ಪಿನ್ನಿನಲ್ಲಿ ಮೂರು ಕಪ್ಪು ಉಂಗುರಗಳಿರುತ್ತವೆ. ಅದರಲ್ಲಿ ಮೈಕ್ ಮತ್ತು ಸ್ಪೀಕರ್ ಎರಡೂ ಸೇರಿರುವುದರಿಂದ ಗುಲಾಬಿ ರಂಧ್ರದಲ್ಲಿ ನೇರವಾಗಿ ಕೆಲಸ ಮಾಡುವುದಿಲ್ಲ. ಎರಡನ್ನೂ ಬೇರ್ಪಡಿಸುವ ಕವಲು ತಂತಿ ಬೇಕು. ಒಂದೇ ರಂಧ್ರವಿರುವ ಲ್ಯಾಪ್‌ಟಾಪ್‌ನಲ್ಲಿ ಸ್ಥಿತಿ ತಿರುಗುಮುರುಗು: ಅಲ್ಲಿ ಮೂರು ಉಂಗುರದ ಪಿನ್ನೇ ಸರಿ, ಎರಡು ಉಂಗುರದ ಮೈಕ್ ಅನ್ನು ಯಂತ್ರವು ಇಯರ್‌ಫೋನ್ ಎಂದು ಭಾವಿಸಬಹುದು. ಹೊಸದಾಗಿ ಖರೀದಿಸುವುದಾದರೆ ಯುಎಸ್‌ಬಿ ಮೈಕ್ ಉತ್ತಮ. ಈ ಗೊಂದಲವೇ ಅದಕ್ಕಿಲ್ಲ.

ಸಭಾಂಗಣದ ಧ್ವನಿವರ್ಧಕದ ಮೈಕ್ ಬೇರೆಯೇ ಬಗೆಯದು. ಅದರ ಸಂಕೇತ ಬಹಳ ದುರ್ಬಲವಾದುದರಿಂದ ನೇರವಾಗಿ ಗಣಕಯಂತ್ರಕ್ಕೆ ಜೋಡಿಸಿದರೆ ಧ್ವನಿ ಕ್ಷೀಣವಾಗಿ ಬರುತ್ತದೆ. ಆಂಪ್ಲಿಫೈಯರ್‌ನಲ್ಲಿ ‘ಲೈನ್ ಔಟ್’ ಇದ್ದಲ್ಲಿ ಅಲ್ಲಿಂದ ಗಣಕಯಂತ್ರದ ನೀಲಿ ರಂಧ್ರಕ್ಕೆ ತಂತಿ ಎಳೆಯಬಹುದು. ಸ್ಪೀಕರ್‌ಗೆ ಹೋಗುವ ತಂತಿಯನ್ನು ಮಾತ್ರ ಯಾವ ಕಾರಣಕ್ಕೂ ಗಣಕಯಂತ್ರಕ್ಕೆ ಸಿಕ್ಕಿಸತಕ್ಕದ್ದಲ್ಲ, ಯಂತ್ರ ಸುಟ್ಟುಹೋಗಬಹುದು.

ತಂತಿ ಸರಿಯಿದ್ದರೂ ಯಾವ ಮೈಕ್‌ನ ಧ್ವನಿಯನ್ನು ಸ್ವೀಕರಿಸಬೇಕೆಂದು ಗಣಕಯಂತ್ರಕ್ಕೆ ಸೂಚಿಸಬೇಕು. ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಸೌಂಡ್’ ಎಂಬ ಕ್ರಮದಲ್ಲಿ ತೆರೆದು, ‘ಇನ್‌ಪುಟ್’ ಅಡಿಯಲ್ಲಿ ಹೊರ ಮೈಕ್‌ನ ಹೆಸರನ್ನು ಆರಿಸಿ, ಅದರ ಮಟ್ಟವನ್ನು ಹೆಚ್ಚಿಸಬೇಕು. ಪಟ್ಟಿಯಲ್ಲಿ ವೆಬ್‌ಕ್ಯಾಮ್‌ನ ಮೈಕ್ ಆಯ್ಕೆಯಾಗಿದ್ದರೆ ಹೊರ ಮೈಕ್ ಎಷ್ಟೇ ದುಬಾರಿಯದಾದರೂ ವ್ಯರ್ಥ. ‘ಪ್ರೈವೆಸಿ’ ವಿಭಾಗದಲ್ಲಿ ಮೈಕ್ರೋಫೋನ್ ಬಳಕೆಗೆ ಅನುಮತಿ ಇರಬೇಕು. ವಿಡಿಯೋ ಸಭೆಯ ತಂತ್ರಾಂಶದಲ್ಲಿ ಮೈಕ್‌ನ ಆಯ್ಕೆ ಪ್ರತ್ಯೇಕವಾಗಿರುವುದರಿಂದ ಅಲ್ಲಿಯೂ ನೋಡಿಕೊಳ್ಳಬೇಕು.

ಸಭೆಯ ಹಿಂದಿನ ದಿನವೇ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ ಎಂದಿನ ದನಿಯಲ್ಲಿ ಮಾತನಾಡಿಸಿ, ಒಂದು ನಿಮಿಷ ಮುದ್ರಿಸಿ ಕೇಳಬೇಕು. ಮಾತು ಸ್ಪಷ್ಟವಾಗದಿದ್ದರೆ ಮೈಕ್ ಜನರ ಬಳಿಗೆ ಹೋಗಬೇಕಾಗುತ್ತದೆ. ಸಾಮಾನ್ಯ ಯುಎಸ್‌ಬಿ ತಂತಿ 5 ಮೀಟರ್ ದಾಟಿದರೆ ಸಂಪರ್ಕ ನೆಚ್ಚುವಂತಿರುವುದಿಲ್ಲ. ಆದುದರಿಂದ ದೊಡ್ಡ ಸಭಾಂಗಣದಲ್ಲಿ ಗಣಕಯಂತ್ರವನ್ನೇ ವೇದಿಕೆಯಿಂದ ಇಳಿಸಿ ಜನರ ನಡುವೆ ಇಡುವುದು ಲೇಸು.