ಮನೆ ಮುಂದೆ ಒಂದು ಆವರಿಕೆ ಗಿಡ

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ, ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವಾಗ ರಸ್ತೆಬದಿಯ ಕಲ್ಲುನೆಲದಲ್ಲಿ ಹಳದಿ ಹೂವಿನ ಗೊಂಚಲು ಹೊತ್ತ ಪೊದೆ ನೋಡಿರ್ತೀರಿ. ಅದೇ ಆವರಿಕೆ. ತೆಲುಗು ಮಾತಾಡೋ ಊರುಗಳಲ್ಲಿ ತಂಗೇಡು. ತೆಲಂಗಾಣದ ರಾಜ್ಯಪುಷ್ಪವೂ ಇದೇ.

1,000 ಅಡಿ ಕೊರೆದರೂ ಎಷ್ಟೋ ಕಡೆ ಬೋರ್‌ವೆಲ್‌ಗೆ ನೀರು ಬಾರದ ಜಿಲ್ಲೆ ನಮ್ಮದು. ಇಲ್ಲಿ ಹುಲ್ಲುಹಾಸಿಗೆ ನೀರು ಸುರಿಯೋ ಬದಲು ಇದನ್ನ ಬೆಳೆಸಿ ನೋಡಿ.

ಗುರುತು ಹಿಡಿಯೋದು ಸುಲಭ. ಎಲೆಯ ಕಡ್ಡಿ ಕೊಂಬೆಗೆ ಸೇರುವ ಜಾಗದಲ್ಲಿ ಕಿವಿಯಂಥ ದುಂಡನೆಯ ಪುಟ್ಟ ಎಲೆ ಇರುತ್ತೆ.

ಒಣಗಿದ ಚಪ್ಪಟೆ ಕಾಯಿಯಿಂದ ಬೀಜ ಬಿಡಿಸಿ. ಸಿಪ್ಪೆ ಬಹಳ ಗಟ್ಟಿ, ನೀರು ಒಳಗೆ ಇಳಿಯಲ್ಲ. ಒಂದು ಬದಿಯನ್ನ ಉಪ್ಪುಕಾಗದಕ್ಕೆ ಉಜ್ಜಿ, ರಾತ್ರಿ ನೆನೆಸಿಡಿ. ಉಬ್ಬಿದ ಬೀಜವನ್ನ ಮುಂಗಾರು ಹಿಡಿದಾಗ, ಚೆನ್ನಾಗಿ ಬಿಸಿಲು ಬೀಳೋ ಕಡೆ ನೇರ ನೆಲಕ್ಕೇ ಹಾಕಿ. ತಾಯಿಬೇರು ಆಳಕ್ಕೆ ಇಳಿಯೋ ಗಿಡ ಇದು. ರಸ್ತೆಬದಿಯಿಂದ ಕಿತ್ತು ತಂದರೆ ಬೇರು ತುಂಡಾಗುತ್ತೆ, ಗಿಡ ಹಿಡಿಯೋದು ಕಷ್ಟ. ಮೊದಲ ಬೇಸಿಗೆಯಲ್ಲಿ ಅಷ್ಟಿಷ್ಟು ನೀರು ಕೊಡಿ, ಆದರೆ ಬುಡದಲ್ಲಿ ನೀರು ನಿಲ್ಲಬಾರದು.

ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ರಂಧ್ರದೊಳಗೆ! ದೊಡ್ಡ ಕಪ್ಪು ದುಂಬಿ ಬಂದು ಹೂವನ್ನ ತಬ್ಬಿ, ಗುಂಯ್ ಅಂತ ಮೈ ನಡುಗಿಸಿದಾಗಲೇ ಪರಾಗ ಉದುರೋದು. ಬೆಳಗ್ಗೆ ಗಿಡದ ಹತ್ತಿರ ನಿಂತರೆ ಆ ಸದ್ದು ಕಿವಿಗೇ ಕೇಳುತ್ತೆ.

ಎಲೆ ಮೇಲೆ ಹಸಿರು ಹುಳು ಕಂಡರೆ ದಯವಿಟ್ಟು ಔಷಧಿ ಹೊಡೀಬೇಡಿ. ತಿಳಿಹಸಿರು ಛಾಯೆಯ ಬಿಳಿ ಚಿಟ್ಟೆಗಳಾಗೋ ಮರಿಗಳವು.