ಕದಿರನ್ನು ತಡೆಯುವ ಪುಟ್ಟ ಅಣು

ಕೋಶ ವಿಭಜನೆಯ ಪಾಠದಲ್ಲಿ ನಾವು ಕಪ್ಪುಹಲಗೆಯ ಮೇಲೆ ಕದಿರೆಳೆಗಳನ್ನು ಬರೆದು, ವರ್ಣತಂತುಗಳು ಎರಡು ಧ್ರುವಗಳಿಗೆ ಸರಿಯುತ್ತವೆ ಎಂದು ಹೇಳಿ ಮುಂದಿನ ಹಂತಕ್ಕೆ ಹೋಗಿಬಿಡುತ್ತೇವೆ. ಆ ಧ್ರುವಗಳು ತಾವಾಗಿಯೇ ದೂರವಾಗುವುದಿಲ್ಲ. ಇಜಿ5 ಎಂಬ ಪ್ರೋಟೀನ್ ಅವನ್ನು ತಳ್ಳಬೇಕು. ಕ್ಯಾನ್ಸರ್ ಔಷಧ ಹುಡುಕುವವರ ಕಣ್ಣು ಬಿದ್ದದ್ದು ಇದರ ಮೇಲೆ.

ಇದನ್ನು ತೋರಿಸಲು ಎರಡು ಪೊರಕೆ ಕಡ್ಡಿ ಸಾಕು. ತುದಿಗಳು ಒಂದರ ಪಕ್ಕ ಒಂದು ಬರುವಂತೆ ಜೋಡಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಜಾರುತ್ತದೆ. ಕಡ್ಡಿಗಳು ಸೂಕ್ಷ್ಮನಾಳಿಕೆಗಳು; ಬೆರಳುಗಳು ಇಜಿ5. ಬೆರಳಿಗೆ ಶಕ್ತಿ ಕೊಡುವುದು ಎಟಿಪಿ.

1999ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಥಾಮಸ್ ಮೇಯರ್, ತರುಣ್ ಕಪೂರ್, ತಿಮೋತಿ ಮಿಚಿಸನ್ ಮತ್ತು ಸಂಗಡಿಗರು 16 ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನು ಜಾಲಾಡಿ, ಈ ಬೆರಳನ್ನು ಕಟ್ಟಿಹಾಕುವ ಒಂದು ಅಣುವನ್ನು ಹೊರತೆಗೆದರು. ಹೆಸರು ಮೊನಾಸ್ಟ್ರಾಲ್. ಅದನ್ನು ಹಾಕಿದ ಕೋಶದಲ್ಲಿ ಧ್ರುವಗಳು ಬೇರೆಯಾಗುವುದೇ ಇಲ್ಲ. ನಡುವೆ ಒಂದೇ ಕೇಂದ್ರ, ಸುತ್ತ ವರ್ಣತಂತುಗಳು. ಒಂದೇ ಚುಕ್ಕಿಯ ರಂಗೋಲಿಯ ಹಾಗೆ. ತೊಳೆದು ತೆಗೆದರೆ ಕೋಶ ಮತ್ತೆ ಎರಡು ಧ್ರುವಗಳನ್ನು ಕಟ್ಟಿಕೊಳ್ಳುತ್ತದೆ. ‘ಪುಟ್ಟ ಅಣು’ ಎಂಬ ಮಾತಿನ ಅರ್ಥಕ್ಕೆ ಇಲ್ಲಿ ಒಂದು ಲೆಕ್ಕ ಮಾಡಿಸಬಹುದು: ಮೊನಾಸ್ಟ್ರಾಲ್‌ನ ಅಣುತೂಕ ಸುಮಾರು 292, ಇಜಿ5ನದು ಸುಮಾರು 1,20,000. ತನಗಿಂತ ನಾನೂರು ಪಟ್ಟು ದೊಡ್ಡದನ್ನು ಅದು ನಿಲ್ಲಿಸುತ್ತದೆ!

ಕದಿರನ್ನು ಕೆಡಿಸುವ ಔಷಧಗಳು ಮೊದಲೂ ಇದ್ದವು. ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಲ್ಲಿರುವ ವಿನ್‌ಕ್ರಿಸ್ಟೀನ್ ಅಂಥದ್ದೇ. ಆದರೆ ಅದು ಕೆಡಿಸುವುದು ಕಡ್ಡಿಯನ್ನೇ. ನರಕೋಶಗಳ ಉದ್ದನೆಯ ತಂತುಗಳಲ್ಲೂ ಅದೇ ಕಡ್ಡಿಗಳಿರುವುದರಿಂದ ರೋಗಿಯ ಕೈಕಾಲು ಜೋಮು ಹಿಡಿಯುತ್ತದೆ. ಇಜಿ5ಗೆ ಮುಖ್ಯ ಕೆಲಸವಿರುವುದು ವಿಭಜನೆಯ ಹೊತ್ತಿನಲ್ಲಿ. ಬೆರಳನ್ನಷ್ಟೇ ಹಿಡಿದರೆ ನರ ಉಳಿದೀತು ಎಂಬುದು ಆಸೆಯಾಗಿತ್ತು.

ಇಷ್ಟು ಹೇಳುವಾಗ ಒಬ್ಬಳು ಎದ್ದು, “ಟೀಚರ್, ಕಿಮೋ ಕೊಟ್ಟ ಮೇಲೆ ನಮ್ಮಜ್ಜಿ ಕೂದಲು ಯಾಕೆ ಉದುರ್ತು?” ಎಂದಳು. ಕೂದಲ ಬುಡದ ಕೋಶಗಳೂ ಬೇಗಬೇಗ ವಿಭಜನೆ ಹೊಂದುತ್ತವೆ, ಔಷಧಕ್ಕೆ ಅವು ಬೇರೆ, ಗಡ್ಡೆ ಬೇರೆ ಎಂದು ತಿಳಿಯದು ಎಂದೆ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಕೂದಲು ಮತ್ತೆ ಬರುತ್ತದೆ ಎಂಬುದನ್ನೂ ಹೇಳಿದೆ. ಇಂಥ ಮಗು ಎದುರಿಗೆ ಕುಳಿತಿರುವಾಗ ‘ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು’ ಎಂಬ ಧಾಟಿ ಬೇಡವೆಂದು ನನ್ನ ಅಭಿಪ್ರಾಯ.

ಯಾಕೆಂದರೆ ಮೊನಾಸ್ಟ್ರಾಲ್ ಔಷಧವಾಗಲಿಲ್ಲ. ಅದೇ ಪ್ರೋಟೀನನ್ನು ತಡೆಯುವ, ಅದಕ್ಕಿಂತ ಬಲವಾದ ಇಸ್ಪಿನೆಸಿಬ್ ರೋಗಿಗಳ ಪರೀಕ್ಷೆಯವರೆಗೆ ಹೋಯಿತು. ನರಗಳಿಗೆ ಹೆಚ್ಚು ತೊಂದರೆಯಾಗಲಿಲ್ಲ; ಆದರೆ ರಕ್ತದ ಬಿಳಿಕಣಗಳು ಇಳಿದವು, ಗಡ್ಡೆಗಳು ನಿರೀಕ್ಷಿಸಿದಷ್ಟು ಕುಗ್ಗಲಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳು ಹೆಚ್ಚುಕಡಿಮೆ ದಿನಕ್ಕೊಮ್ಮೆ ವಿಭಜನೆ ಹೊಂದುತ್ತವೆ. ದೇಹದೊಳಗಿನ ಗಡ್ಡೆಯಲ್ಲಾದರೆ ಯಾವುದೇ ಕ್ಷಣದಲ್ಲಿ ವಿಭಜನೆಯಲ್ಲಿ ತೊಡಗಿರುವವು ಕೆಲವೇ. ಮೂಳೆಮಜ್ಜೆಯಲ್ಲಿ ಮಾತ್ರ ಕೆಲಸ ಬಿರುಸು. ಪೆಟ್ಟು ಬೀಳುವುದು ಅಲ್ಲಿಗೆ.

ಗೆದ್ದದ್ದು ಬೇರೆ ದಾರಿ. ಕೋಶವು ವಿಭಜನೆಗೆ ಸಿದ್ಧವಾಗುವ ಮೊದಲ ಬಾಗಿಲಲ್ಲೇ ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳಿವೆ. ಅವನ್ನು ತಡೆಯುವ ಪಾಲ್ಬೊಸಿಕ್ಲಿಬ್ ಎಂಬ ಪುಟ್ಟ ಅಣುವಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗೆ ಹಾರ್ಮೋನ್ ಚಿಕಿತ್ಸೆಯ ಜೊತೆ ಇದನ್ನು ಕೊಡುತ್ತಾರೆ. ಇದರಲ್ಲೂ ಬಿಳಿಕಣ ಇಳಿಯುತ್ತದೆ. ಅದಕ್ಕಾಗಿ ಮೂರು ವಾರ ಮಾತ್ರೆ, ಒಂದು ವಾರ ಬಿಡುವು.