ಆಸ್ಪತ್ರೆಯ ರೋಗಾಣುವೂ ರೈತನ ಕೊಟ್ಟಿಗೆಯೂ

ಬೇಸಾಯದ ವಿಷಯಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಆಸ್ಪತ್ರೆಯ ರೋಗಾಣುವಿನ ಪ್ರಸ್ತಾಪವೇಕೆಂದು ವಾಚಕ ಮಹಾಶಯರಲ್ಲಿ ಕೆಲವರಿಗೆ ಸಂಶಯವುಂಟಾಗಬಹುದು. ಅಂಗಾಲಿನಲ್ಲಿ ಮುಳ್ಳು ಮುರಿದು ಕೀವು ತುಂಬುವುದು, ಮೈಮೇಲೆ ಕುರುವೇಳುವುದು, ಶಸ್ತ್ರಚಿಕಿತ್ಸೆಯ ಗಾಯವು ಮಾಯದೆ ಕೊಳೆಯುವುದು, ಕರೆಯುವ ಹಸುವಿನ ಕೆಚ್ಚಲು ಬಾತು ಹಾಲು ಒಡೆದಂತೆ ಬರುವುದು, ಇವೆಲ್ಲವೂ ಬೇರೆ ಬೇರೆ ಬಾಧೆಗಳೆಂದು ನಾವು ಎಣಿಸುತ್ತೇವೆ. ಆದರೆ ಇವೆಲ್ಲಕ್ಕೂ ಒಂದೇ ಜಾತಿಯ ಸೂಕ್ಷ್ಮಾಣುವು ಕಾರಣವಾಗಿರುವುದುಂಟು. ಆ ಸೂಕ್ಷ್ಮಾಣುವು ಔಷಧಗಳಿಗೆ ಬಗ್ಗದಂತಾಗುತ್ತಿರುವುದರಲ್ಲಿ ಆಸ್ಪತ್ರೆಗಳ ಪಾಲು ಇರುವಂತೆಯೇ ದನಕರುಗಳನ್ನು ಸಾಕುವವರ ಪಾಲೂ ಉಂಟು. ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ಸಂಗತಿಯನ್ನು ಚೆನ್ನಾಗಿ ತಿಳಿದಿರುವುದು ಅವಶ್ಯಕವೆಂದು ಭಾವಿಸಿ ಇಲ್ಲಿ ವಿವರಿಸಲಾಗಿದೆ.

ರೋಗಾಣುವಿನ ಪರಿಚಯ.— ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದ ಶಸ್ತ್ರವೈದ್ಯರಾಗಿದ್ದ ಅಲೆಗ್ಸಾಂಡರ್ ಆಗ್‌ಸ್ಟನ್ ಎಂಬುವರು 1880ನೆಯ ಇಸವಿಯಲ್ಲಿ ಕೀವನ್ನು ಸೂಕ್ಷ್ಮದರ್ಶಕ ಯಂತ್ರದಲ್ಲಿಟ್ಟು ಪರೀಕ್ಷಿಸಿ, ಗುಂಡಗಿನ ಅಣುಜೀವಿಗಳು ದ್ರಾಕ್ಷಿಯ ಗೊಂಚಲಿನಂತೆ ಕೂಡಿಕೊಂಡಿರುವುದನ್ನು ಕಂಡರು. ಗೊಂಚಲೆಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದ ಇವುಗಳಿಗೆ ಸ್ಟೆಫಿಲೊಕಾಕಸ್ ಎಂಬ ಹೆಸರಾಯಿತು. 1884ರಲ್ಲಿ ಜರ್ಮನಿಯ ರೋಸೆನ್‌ಬಾಖ್ ಎಂಬುವರು ಇವುಗಳಲ್ಲಿ ಹೊಂಬಣ್ಣದ ಬಗೆಯನ್ನು ಬೇರ್ಪಡಿಸಿ ಅದನ್ನು ಆರಿಯಸ್ ಎಂದು ಕರೆದರು. ಸುಮಾರು ಹತ್ತು ಮಂದಿಯಲ್ಲಿ ಮೂವರ ಮೂಗಿನೊಳಗೆ ಇದು ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತಿರುತ್ತದೆ. ಚರ್ಮವು ಹರಿದಾಗಲಾಗಲಿ, ಶಸ್ತ್ರಚಿಕಿತ್ಸೆಯಾದಾಗಲಾಗಲಿ, ರಕ್ತನಾಳಕ್ಕೆ ನಳಿಕೆಯನ್ನಿಟ್ಟಾಗಲಾಗಲಿ ಒಳಹೊಕ್ಕು ರಕ್ತವನ್ನು ಸೇರಿತೆಂದರೆ ಎಲುಬು, ಶ್ವಾಸಕೋಶ, ಹೃದಯಗಳನ್ನು ಹಿಡಿದು ಪ್ರಾಣಾಪಾಯವನ್ನು ತರುತ್ತದೆ. ಗಾಯವುಳ್ಳವರೂ ನಿತ್ರಾಣರೂ ಒಂದೇ ಕಡೆ ಮಲಗಿರುವ ಆಸ್ಪತ್ರೆಯು ಈ ರೋಗಾಣುವಿಗೆ ಅತ್ಯಂತ ಅನುಕೂಲವಾದ ಸ್ಥಳವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಔಷಧವೂ ಪ್ರತಿರೋಧವೂ.— 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಎಂಬುವರು ಈ ರೋಗಾಣುವನ್ನು ಬೆಳೆಸಿದ್ದ ತಟ್ಟೆಯೊಂದರಲ್ಲಿ ಬೂಷ್ಟು ಬಿದ್ದು, ಅದರ ಸುತ್ತಲಿನ ರೋಗಾಣುಗಳು ನಾಶವಾಗಿದ್ದುದನ್ನು ಕಂಡರು. ಆ ಬೂಷ್ಟಿನ ಸಾರವೇ ಪೆನಿಸಿಲಿನ್. ಆಂಟಿಬಯಾಟಿಕ್ ಎಂದು ವಾಡಿಕೆಯಲ್ಲಿರುವ ಪ್ರತಿಜೀವಕ ಔಷಧಗಳಲ್ಲಿ ಇದೇ ಮೊದಲು ಪ್ರಸಿದ್ಧಿಗೆ ಬಂದುದು. ಸಾಲದ ಪ್ರಮಾಣದಲ್ಲಿ ಇದನ್ನು ಸೇವಿಸಿದರೆ ರೋಗಾಣುಗಳು ಸಾಯುವುದಕ್ಕೆ ಬದಲಾಗಿ ಔಷಧವನ್ನು ತಡೆದುಕೊಳ್ಳಲು ಕಲಿಯುವುವೆಂದು ಫ್ಲೆಮಿಂಗರೇ 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಎಚ್ಚರಿಕೆ ಕೊಟ್ಟಿದ್ದರು.

ಎಚ್ಚರಿಕೆಯು ನಿಜವಾಗಲು ಬಹುಕಾಲ ಹಿಡಿಯಲಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ವಿದುಷಿಯು ಪರೀಕ್ಷಿಸಿದಾಗ, 1946ರಲ್ಲಿ ನೂರಕ್ಕೆ ಸುಮಾರು 14 ಭಾಗ ಸ್ಟೆಫಿಲೊಕಾಕಸ್‌ಗಳು ಪೆನಿಸಿಲಿನ್ನಿಗೆ ಬಗ್ಗದವುಗಳಾಗಿದ್ದುವು. 1948ರ ವೇಳೆಗೆ ಅರ್ಧಕ್ಕಿಂತ ಹೆಚ್ಚು ಭಾಗ ಹಾಗಾಗಿದ್ದುವು. ಇಂಥವನ್ನು ಅಡಗಿಸಲೆಂದು 1960ರಲ್ಲಿ ಇಂಗ್ಲೆಂಡಿನಲ್ಲಿ ಮೆಥಿಸಿಲಿನ್ ಎಂಬ ಹೊಸ ಔಷಧವನ್ನು ಬಳಕೆಗೆ ತರಲಾಯಿತು. ಮರುವರ್ಷವೇ, ಎಂದರೆ 1961ರಲ್ಲಿ, ಅದಕ್ಕೂ ಬಗ್ಗದ ರೋಗಾಣುಗಳು ಅಲ್ಲಿಯೇ ದೊರೆತುವೆಂದು ಪ್ರಕಟವಾಯಿತು. ಇವುಗಳನ್ನೇ ಈಗ ಎಂ.ಆರ್.ಎಸ್.ಎ. ಎಂದು ಕರೆಯುವರು.

ಇದು ನಡೆಯುವ ಬಗೆಯನ್ನು ರೈತನು ಸುಲಭವಾಗಿ ಗ್ರಹಿಸಬಲ್ಲನು. ನಾವು ಬಿತ್ತನೆಗಾಗಿ ಜೊಳ್ಳನ್ನು ತೂರಿ ಗಟ್ಟಿಕಾಳನ್ನು ಉಳಿಸಿಕೊಳ್ಳುವುದಿಲ್ಲವೆ? ಔಷಧವೂ ಹಾಗೆಯೇ ದುರ್ಬಲವಾದ ರೋಗಾಣುಗಳನ್ನು ಕೊಂದು, ತನ್ನನ್ನು ತಡೆದುಕೊಳ್ಳಬಲ್ಲವುಗಳನ್ನು ಬೀಜಕ್ಕೆ ಉಳಿಸುತ್ತದೆ. ರೋಗಾಣುವಿನ ಒಂದು ತಲೆಮಾರಿಗೆ ಅರ್ಧ ಗಂಟೆಯ ಹೊತ್ತು ಸಾಕಾದ್ದರಿಂದ ಆ ಬೀಜದ ಬೆಳೆಯು ಒಂದೇ ದಿನದಲ್ಲಿ ಹಬ್ಬುತ್ತದೆ. ಇದೂ ಸಾಲದೆಂಬಂತೆ, ಪ್ರತಿರೋಧವನ್ನು ಕೊಡುವ ವಂಶವಾಹಿಯು ಒಂದು ರೋಗಾಣುವಿನಿಂದ ಪಕ್ಕದ ರೋಗಾಣುವಿಗೆ ದಾಟಿಹೋಗುವುದೂ ಉಂಟು. ಮೆಥಿಸಿಲಿನ್ನನ್ನು ತಡೆಯುವ ಮೆಕ್-ಎ ಎಂಬ ವಂಶವಾಹಿಯು ಇಂಥ ದಾಟುವ ತುಣುಕೊಂದರ ಮೇಲೆಯೇ ಇರುತ್ತದೆ.

ತಳಿಗಳ ಭೇದ.— ದನಗಳ ಜಾತ್ರೆಯಲ್ಲಿ ಅನುಭವಶಾಲಿಯು ಕೊಂಬು, ಹಣೆ, ಗಂಗೆದೊಗಲು, ಮೈಕಟ್ಟುಗಳನ್ನು ನೋಡಿ ಇದು ಹಳ್ಳಿಕಾರ್, ಇದು ಅಮೃತಮಹಲ್ ಎಂದು ಹೇಳಿಬಿಡುವನು. ಸ್ಟೆಫಿಲೊಕಾಕಸ್ಸಿನಲ್ಲಿಯೂ ಹೀಗೆ ನೂರಾರು ತಳಿಗಳಿವೆ. ಕಣ್ಣಿಗೆ ಎಲ್ಲವೂ ಒಂದೇ ತೆರನಾಗಿ ಕಾಣುವುದರಿಂದ, ಪಂಡಿತರು ಅದರ ಏಳು ವಂಶವಾಹಿಗಳನ್ನು ಓದಿ, ಅವುಗಳ ಹೊಂದಾಣಿಕೆಯ ಮೇಲೆ ಪ್ರತಿಯೊಂದು ತಳಿಗೂ ಒಂದು ಸಂಖ್ಯೆಯನ್ನು ಕೊಟ್ಟಿರುವರು. ಇದರ ಪ್ರಯೋಜನವೇನೆಂದರೆ: ಒಂದೇ ವಾರ್ಡಿನ ಹಲವು ರೋಗಿಗಳಲ್ಲಿ ಒಂದೇ ತಳಿಯು ದೊರೆತರೆ, ಅದು ಅಲ್ಲಿಯೇ ಕೈಯಿಂದ ಕೈಗೆ ಹರಡಿರಬಹುದೆಂದು ತಿಳಿದು ಶುಚಿತ್ವವನ್ನು ಬಿಗಿಗೊಳಿಸಬಹುದು, ಬೇರೆ ಬೇರೆ ತಳಿಗಳು ದೊರೆತರೆ, ಅವು ಹೊರಗಿನಿಂದ ಪ್ರತ್ಯೇಕವಾಗಿ ಬಂದುವೆಂದು ತಿಳಿದು ಮೂಲವನ್ನು ಹೊರಗೆ ಹುಡುಕಬಹುದು. ಈ ಹುಡುಕಾಟವು ಒಮ್ಮೆ ರೈತನ ಮನೆಬಾಗಿಲಿಗೇ ಬಂದು ನಿಂತ ವೃತ್ತಾಂತವನ್ನು ಮುಂದೆ ಹೇಳಲಾಗಿದೆ.

ಹಾಲೆಂಡ್ ದೇಶದ ನಿದರ್ಶನ.— ನೆದರ್ಲೆಂಡ್ಸ್ ಅಥವಾ ಹಾಲೆಂಡ್ ದೇಶದ ಆಸ್ಪತ್ರೆಗಳಲ್ಲಿ ಎಂ.ಆರ್.ಎಸ್.ಎ. ಬಲು ವಿರಳ. ಸಂಶಯವುಳ್ಳ ರೋಗಿಯನ್ನು ಪ್ರವೇಶಕಾಲದಲ್ಲಿಯೇ ಪರೀಕ್ಷಿಸಿ, ಪ್ರತ್ಯೇಕವಾಗಿರಿಸಿ, ರೋಗಾಣುವನ್ನು ನಿರ್ಮೂಲ ಮಾಡುವ ಕಟ್ಟುನಿಟ್ಟಾದ ಪದ್ಧತಿಯನ್ನು ಅಲ್ಲಿ ಅನುಸರಿಸುತ್ತಾರೆ. ಹೀಗಿರುವಲ್ಲಿ 2004ನೆಯ ಇಸವಿ ಜುಲೈ ತಿಂಗಳಲ್ಲಿ ನೈಮೇಖೆನ್ ಪಟ್ಟಣದಲ್ಲಿ ಶಸ್ತ್ರಚಿಕಿತ್ಸೆಗೆಂದು ಬಂದ ಒಂದು ಹಸುಗೂಸಿನಲ್ಲಿ, ವಾಡಿಕೆಯ ಪರೀಕ್ಷೆಯ ವೇಳೆ, ಯಾರೂ ನಿರೀಕ್ಷಿಸದಿದ್ದ ಎಂ.ಆರ್.ಎಸ್.ಎ. ಕಂಡುಬಂದಿತು. ಆ ಕೂಸು ಮುಂಚೆ ಅಪಾಯದ ಸ್ಥಳದಲ್ಲಿ ಇದ್ದುದಲ್ಲ. ತಂದೆತಾಯಿಗಳಲ್ಲಿಯೂ ಅದೇ ರೋಗಾಣುವು ದೊರೆಯಿತು. ಅವರು ಹಂದಿ ಸಾಕಣೆಯ ರೈತರು. ಕುತೂಹಲದಿಂದ ಆ ಪ್ರಾಂತದ 26 ಮಂದಿ ಹಂದಿಸಾಕಣೆಗಾರರನ್ನು ಪರೀಕ್ಷಿಸಲಾಗಿ 6 ಮಂದಿಯಲ್ಲಿ ಎಂ.ಆರ್.ಎಸ್.ಎ. ಇದ್ದಿತು, ಹಂದಿಯಲ್ಲಿಯೂ ಕಂಡುಬಂದಿತು. ಈ ತಳಿಯ ಸಂಖ್ಯೆ 398 ಎಂದು ನಿರ್ಧಾರವಾಯಿತು. ಅನಂತರ ಸಾಕಣೆಯ ಕರುಗಳಲ್ಲಿಯೂ ಇದು ದೊರೆಯಿತು.

ಇದರ ವಂಶಾವಳಿಯನ್ನು 19 ದೇಶಗಳ ಮಾದರಿಗಳಿಂದ ಶೋಧಿಸಿ 2012ರಲ್ಲಿ ಪ್ರಕಟಿಸಿದ ವರದಿಯು ವಿಚಾರಾರ್ಹವಾದುದು. ಈ ತಳಿಯು ಮೊದಲು ಮನುಷ್ಯರಲ್ಲಿ, ಔಷಧಕ್ಕೆ ಬಗ್ಗುವ ಸಾಧುವಾದ ರೋಗಾಣುವಾಗಿದ್ದಿತು. ಮನುಷ್ಯನಿಂದ ಪಶುವಿಗೆ ಹೋದಮೇಲೆ ಟೆಟ್ರಾಸೈಕ್ಲಿನ್ ಮತ್ತು ಮೆಥಿಸಿಲಿನ್‌ಗಳನ್ನು ತಡೆಯುವ ಶಕ್ತಿಯನ್ನು ಗಳಿಸಿಕೊಂಡಿತು. ಅನಂತರ ಆ ಶಕ್ತಿಯೊಡನೆ ಮನುಷ್ಯನಿಗೆ ಮರಳಿತು. ಎಂದರೆ, ನಾವು ಕೊಟ್ಟಿಗೆಗೆ ಕಳುಹಿಸಿದ ಸಾಲವು ಬಡ್ಡಿ ಸಮೇತವಾಗಿ ನಮ್ಮ ಮನೆಗೇ ಬಂದಂತಾಯಿತು.

ಇದರ ಫಲವಾಗಿ ಆ ದೇಶದಲ್ಲಿ ಹಂದಿಗಳನ್ನಾಗಲಿ ಸಾಕಣೆಯ ಕರುಗಳನ್ನಾಗಲಿ ಸಾಕುವ ರೈತನು ಆಸ್ಪತ್ರೆಗೆ ಸೇರುವಾಗ ಅವನನ್ನು ಪ್ರತ್ಯೇಕವಾಗಿರಿಸಿ ಪರೀಕ್ಷಿಸುವ ನಿಯಮವಾಯಿತು. ತನ್ನ ಕಸುಬಿನ ದೆಸೆಯಿಂದಲೇ ತಾನು ಸಂಶಯಕ್ಕೆ ಗುರಿಯಾಗುವುದು ಯಾವ ರೈತನಿಗೆ ತಾನೇ ಹಿತವಾದೀತು? ಆದರೆ ಅಲ್ಲಿನ ರೈತರು ಕೈಕಟ್ಟಿ ಕೂರಲಿಲ್ಲ. ಸರ್ಕಾರ, ಪಶುವೈದ್ಯರು, ಸಾಕಣೆಗಾರರು ಒಡಗೂಡಿ, ಯಾವ ಸಾಕಣೆಯಲ್ಲಿ ಎಷ್ಟು ಔಷಧ ವೆಚ್ಚವಾಯಿತೆಂಬ ಲೆಕ್ಕವನ್ನಿಟ್ಟು, ಗೊತ್ತಾದ ಪಶುವೈದ್ಯನ ಅಪ್ಪಣೆಯಿಲ್ಲದೆ ಕೊಡದಂತೆ ಏರ್ಪಡಿಸಿದರು. 2009ರಿಂದ 2015ರ ಒಳಗೆ ಪಶುಗಳಿಗಾಗಿ ಮಾರಾಟವಾಗುವ ಪ್ರತಿಜೀವಕಗಳ ಪ್ರಮಾಣವು ಅರ್ಧಕ್ಕಿಂತಲೂ ಹೆಚ್ಚು ಇಳಿಯಿತು.

ನಮ್ಮ ದೇಶದ ಸ್ಥಿತಿ.— ಹಾಲೆಂಡಿನ ಕಥೆಯನ್ನು ಅಕ್ಷರಶಃ ನಮಗೆ ಅನ್ವಯಿಸುವುದು ಸರಿಯಲ್ಲ. ನಮ್ಮ ಆಸ್ಪತ್ರೆಗಳಲ್ಲಿ ದೊರೆಯುವ ಎಂ.ಆರ್.ಎಸ್.ಎ. ತಳಿಗಳು ಮುಖ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ಹರಡುವಂಥವು. ಅವುಗಳಲ್ಲಿ 772 ಎಂಬ ಸಂಖ್ಯೆಯ, ಬಂಗಾಳಕೊಲ್ಲಿಯ ಹೆಸರಿನಿಂದ ಪ್ರಸಿದ್ಧವಾಗಿರುವ ತಳಿಯು ಭಾರತ ಉಪಖಂಡದಲ್ಲಿಯೇ ಹುಟ್ಟಿ, ಹಲವು ಔಷಧಗಳಿಗೆ ಬಗ್ಗದಂತಾಗಿ, ಪರದೇಶಗಳಿಗೂ ಹಬ್ಬಿದೆ. ಬೆಂಗಳೂರಿನ ವಿಜ್ಞಾನಿಗಳೂ ಇದನ್ನು ಶೋಧಿಸಿರುವರು. ಆದುದರಿಂದ ದೋಷವನ್ನೆಲ್ಲ ದನದ ಮೇಲೆ ಹೊರಿಸತಕ್ಕದ್ದಲ್ಲ. ಆದರೂ ಕೆಚ್ಚಲು ಬಾವಿಗೆ ಈ ರೋಗಾಣುವು ಒಂದು ಮುಖ್ಯ ಕಾರಣವಾಗಿರುವುದರಿಂದಲೂ, ಆ ಬಾವಿಗೆಂದು ಅಂಗಡಿಯಿಂದ ಔಷಧವನ್ನು ತಂದು ಎರಡು ದಿನ ಕೊಟ್ಟು ನಿಲ್ಲಿಸುವ ರೂಢಿಯು ನಮ್ಮಲ್ಲಿ ಇರುವುದರಿಂದಲೂ, ಹಾಲೆಂಡಿನ ಪಾಠವನ್ನು ನಾವು ಈಗಲೇ ಕಲಿಯುವುದು ವಿಹಿತ. ಮನುಷ್ಯರಿಗೆ ಕಡೆಯ ಆಸರೆಯಾಗಿರುವ ಕೋಲಿಸ್ಟಿನ್ ಎಂಬ ಔಷಧವನ್ನು ಆಹಾರದ ಪಶುಪಕ್ಷಿಗಳಿಗೆ ಕೊಡುವುದನ್ನು ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿರುವುದೂ ಇದೇ ಉದ್ದೇಶದಿಂದ.

ಅನುಸರಿಸತಕ್ಕ ಕ್ರಮಗಳು.—

1. ಪಶುವೈದ್ಯರು ನೋಡಿ ಬರೆದುಕೊಡದೆ ಯಾವ ಪ್ರತಿಜೀವಕವನ್ನೂ ದನ, ಕುರಿ, ಕೋಳಿಗಳಿಗೆ ಕೊಡಕೂಡದು. ನೆರೆಯವನ ಹಸುವಿಗೆ ತಂದು ಉಳಿದುದನ್ನು ನಮ್ಮ ಹಸುವಿಗೆ ಉಪಯೋಗಿಸುವುದು ಮಿತವ್ಯಯವಲ್ಲ.

2. ಸಾಧ್ಯವಿರುವಲ್ಲಿ ಮೊದಲು ಹಾಲಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಯಾವ ಔಷಧಕ್ಕೆ ರೋಗಾಣುವು ಬಗ್ಗುವುದೆಂದು ತಿಳಿಯುವುದು ಮೇಲು. ತಾಗದ ಔಷಧಕ್ಕೆ ಸುರಿದ ಹಣವು ಹೊಳೆಗೆ ಹುಣಸೆಹಣ್ಣು ತೊಳೆದಂತೆ.

3. ಹೇಳಿದ ಪ್ರಮಾಣವನ್ನು ಹೇಳಿದಷ್ಟು ದಿನ ಪೂರ್ತಿಯಾಗಿ ಕೊಡತಕ್ಕದ್ದು. ಬಾವು ಇಳಿಯಿತೆಂದು ನಡುವೆ ನಿಲ್ಲಿಸತಕ್ಕದ್ದಲ್ಲ.

4. ಚಿಕಿತ್ಸೆಯ ಕಾಲದಲ್ಲಿಯೂ, ಔಷಧದ ಚೀಟಿಯಲ್ಲಿ ನಮೂದಿಸಿರುವ ಅವಧಿಯು ಮುಗಿಯುವವರೆಗೂ ಆ ಹಸುವಿನ ಹಾಲನ್ನು ಡೈರಿಗಾಗಲಿ ಮನೆಗಾಗಲಿ ಕೊಡಬಾರದು, ಕರುವಿಗೂ ಕುಡಿಸಬಾರದು. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡದಿರುವುದನ್ನು ಗೃಹಿಣಿಯರು ಕಂಡಿರಬಹುದು. ಹೆಪ್ಪಿನ ಅಣುಜೀವಿಗಳನ್ನೂ ಔಷಧವು ಕೊಲ್ಲುವುದೇ ಅದಕ್ಕೆ ಕಾರಣ.

5. ರೋಗವನ್ನು ವಾಸಿಮಾಡುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಅಗ್ಗ. ಕರೆಯುವ ಮುಂಚೆ ಕೈಗಳನ್ನೂ ಕೆಚ್ಚಲನ್ನೂ ತೊಳೆದು ಒಣಬಟ್ಟೆಯಿಂದ ಒರಸುವುದು, ಕರೆದಮೇಲೆ ಮೊಲೆತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ರೋಗವುಳ್ಳ ಹಸುವನ್ನು ಕಡೆಯಲ್ಲಿ ಕರೆಯುವುದು, ಕೊಟ್ಟಿಗೆಯ ನೆಲವನ್ನು ಒಣಗಿರಿಸುವುದು, ಇವು ಕಾಸಿನ ಖರ್ಚಿನ ಕೆಲಸಗಳು.

6. ಮನೆಯವರು ಆಸ್ಪತ್ರೆಗೆ ಸೇರಿದಾಗ, ತಾವು ಪಶುಗಳನ್ನು ಸಾಕುವುದನ್ನೂ ಇತ್ತೀಚೆಗೆ ಸೇವಿಸಿದ ಔಷಧಗಳನ್ನೂ ವೈದ್ಯರಿಗೆ ಮುಚ್ಚದೆ ತಿಳಿಸತಕ್ಕದ್ದು. ರೋಗಿಯನ್ನು ಮುಟ್ಟುವ ಮುಂಚೆಯೂ ಅನಂತರವೂ ಕೈತೊಳೆಯುವುದನ್ನು ಮರೆಯಬಾರದು.

ಮೇಲ್ಕಂಡ ಕ್ರಮಗಳನ್ನು ಒಬ್ಬನೇ ರೈತನು ಪಾಲಿಸಿದರೆ ಸಾಲದು. ಒಬ್ಬನ ಹೊಲದ ಕಳೆಯು ಬೀಜ ಕಟ್ಟಿದರೆ ಹೇಗೆ ಸುತ್ತಲಿನ ಹೊಲಗಳೆಲ್ಲವೂ ಕೆಡುವುವೋ, ಹಾಗೆಯೇ ಒಂದು ಕೊಟ್ಟಿಗೆಯ ಅಜಾಗ್ರತೆಯು ಊರಿಗೆಲ್ಲ ತಟ್ಟುವ ಸಂಭವವುಂಟು. ಗ್ರಾಮದ ಮುಖಂಡರು ಗ್ರಾಮಸಭೆಯಲ್ಲಿಯೂ ಹಾಲಿನ ಸಹಕಾರ ಸಂಘದ ಸಭೆಯಲ್ಲಿಯೂ ಈ ಲೇಖನವನ್ನು ಓದಿಸಿ, ಓದು ಬಾರದವರಿಗೆ ವಿವರಿಸಿ ಹೇಳಬೇಕೆಂದು ಪ್ರಾರ್ಥನೆ. ಇಂದು ಕೊಟ್ಟಿಗೆಯಲ್ಲಿ ಮಿತವಾಗಿ ಉಪಯೋಗಿಸಿದ ಔಷಧವು ನಾಳೆ ನಮ್ಮದೇ ಮನೆಯ ಕೂಸು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿರುವಾಗ ಕೈಕೊಡದೆ ಕಾಪಾಡುವಂತಾಗಲಿ.